ಒಪ್ಪಿಗೆ ಪತ್ರದ ಕನ್ನಡ

‘ನಿಮ್ಮನ್ನು ಎರಡು ಗುಂಪುಗಳಲ್ಲಿ ಒಂದಕ್ಕೆ ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಎಂಬ ಒಂದು ವಾಕ್ಯದ ಮುಂದೆ ನಾನು ಇಡೀ ಮಧ್ಯಾಹ್ನ ಕುಳಿತಿದ್ದೆ. ಕ್ಯಾನ್ಸರಿನ ಹೊಸ ಔಷಧವೊಂದರ ಪ್ರಯೋಗಕ್ಕೆ ಸೇರುವ ರೋಗಿಗಳು ಸಹಿ ಮಾಡಬೇಕಾದ ಒಪ್ಪಿಗೆ ಪತ್ರದ ಸಾಲು ಅದು. ಧಾರವಾಡದಲ್ಲಿ 31 ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳಿಗೆ ಆ ವಾಕ್ಯದಲ್ಲಿ ವ್ಯಾಕರಣದ ದೋಷವೇನೂ ಕಾಣಲಿಲ್ಲ. ಆದರೆ ಅದನ್ನು ಓದಬೇಕಾದವರು ನನ್ನ ವಿದ್ಯಾರ್ಥಿಗಳಾಗಿರಲಿಲ್ಲ. ದವಡೆಯ ಶಸ್ತ್ರಚಿಕಿತ್ಸೆ, ರೇಡಿಯೇಶನ್, ಕೀಮೋ ಎಲ್ಲ ಮುಗಿದ ಮೇಲೂ ಗಂಟು ಮತ್ತೆ ಕಾಣಿಸಿಕೊಂಡು, ಹೊರರೋಗಿ ವಿಭಾಗದ ಬೆಂಚಿನ ಮೇಲೆ ಹೆಂಡತಿಯ ಜೊತೆ ಕುಳಿತಿರುವ ರೈತರು, ಹಮಾಲರು, ಲಾರಿ ಚಾಲಕರು ಅದನ್ನು ಓದಬೇಕಿತ್ತು. ಸಂಜೆಯ ಹೊತ್ತಿಗೆ ಆ ವಾಕ್ಯವನ್ನು ಹೊಡೆದುಹಾಕಿ ಅಂಚಿನಲ್ಲಿ ಹೀಗೆ ಬರೆದೆ: ‘ನಿಮಗೆ ಯಾವ ಔಷಧ ಸಿಗುತ್ತದೆ ಎಂಬುದನ್ನು ಡಾಕ್ಟರೂ ನಿರ್ಧರಿಸುವುದಿಲ್ಲ, ನೀವೂ ನಿರ್ಧರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ.’

ನಮ್ಮ ದೇಶದಲ್ಲಿ ಹೊಸ ಔಷಧವೊಂದನ್ನು ಮನುಷ್ಯರ ಮೇಲೆ ಪ್ರಯೋಗಿಸಬೇಕಾದರೆ ಎಥಿಕ್ಸ್ ಕಮಿಟಿಯ, ಅಂದರೆ ಪ್ರಯೋಗಕ್ಕೆ ಒಳಗಾಗುವವರ ಹಿತ ಕಾಯುವ ಸಮಿತಿಯ, ಅನುಮತಿ ಬೇಕು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಆ ಸಮಿತಿಯಲ್ಲಿ ಕನಿಷ್ಠ 7 ಜನರಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಪ್ರಯೋಗ ನಡೆಯುವ ಸಂಸ್ಥೆಗೆ ಸೇರದವರಾಗಿರಬೇಕು. ಕಾನೂನು ಬಲ್ಲವರೊಬ್ಬರು, ಒಬ್ಬ ಮಹಿಳೆ, ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಆ ಸಾಮಾನ್ಯ ವ್ಯಕ್ತಿ ನಾನು. ನಿವೃತ್ತಿಯ ನಂತರ ನನ್ನನ್ನು ಕರೆದವರು ‘ಕನ್ನಡದ ಕಾಗದಗಳನ್ನು ಒಮ್ಮೆ ಓದಿಕೊಡಿ ಸಾಕು’ ಎಂದಿದ್ದರು. ಓದುತ್ತಾ ಹೋದ ಹಾಗೆ, ಆ ಕಾಗದಗಳೇ ಪ್ರಯೋಗದ ಮುಖ್ಯ ಭಾಗ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಸಮಿತಿಯ ಒಳಗಿನ ಮಾತು ಗೋಪ್ಯವಾದ್ದರಿಂದ ಆಸ್ಪತ್ರೆ, ಕಂಪನಿ, ರೋಗಿ ಯಾರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಮೊದಲ ತೊಡಕು ಹೆಸರಿನಲ್ಲೇ ಇದೆ. ಈ ಔಷಧ ಇಮ್ಯುನೊಥೆರಪಿಯದು, ಅಂದರೆ ದೇಹದ ಸ್ವಂತ ರಕ್ಷಣಾ ಬಲವನ್ನು ಕ್ಯಾನ್ಸರಿನ ಮೇಲೆ ತಿರುಗಿಸುವ ಚಿಕಿತ್ಸೆಯದು. ಆ ಪದವನ್ನು ಔಷಧ ಕಂಪನಿಯ ಅನುವಾದಕರು ‘ರೋಗನಿರೋಧಕ ಚಿಕಿತ್ಸೆ’ ಎಂದು ಬರೆದಿದ್ದರು. ಕೋವಿಡ್ ದಾಟಿ ಬಂದ ನಮ್ಮ ಜನಕ್ಕೆ ರೋಗನಿರೋಧಕ ಶಕ್ತಿ ಎಂದರೆ ಅರಿಸಿನ, ಶುಂಠಿ, ಅಮೃತಬಳ್ಳಿಯ ಕಷಾಯ, ಹೆಚ್ಚಿದಷ್ಟೂ ಒಳ್ಳೆಯದು. ಆ ಹೆಸರು ಕೇಳಿದ ರೋಗಿ ಇದು ಮೈಗೆ ಕಸುವು ತುಂಬುವ ಇಂಜೆಕ್ಷನ್ ಎಂದುಕೊಳ್ಳುತ್ತಾನೆ, ಕೀಮೋದ ಹಾಗೆ ಕೂದಲು ಉದುರಿಸದ, ವಾಂತಿ ತರಿಸದ ಸೌಮ್ಯವಾದ ಮದ್ದೆಂದು ನಂಬುತ್ತಾನೆ. ಅದು ಅರ್ಧ ನಿಜ. ಉಳಿದರ್ಧ ಗೊತ್ತಾಗದೆ ಅವನು ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಸಮಿತಿಯಲ್ಲಿದ್ದ ಕ್ಯಾನ್ಸರ್ ವೈದ್ಯರೊಬ್ಬರು ಎರಡು ಸಂಜೆ ಕುಳಿತು ನನಗೆ ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ರಕ್ತದಲ್ಲಿ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳಿವೆ. ಹೊರಗಿನಿಂದ ನುಗ್ಗಿದ ರೋಗಾಣು ಹೊಕ್ಕ ಕೋಶವನ್ನೂ, ಕೆಟ್ಟುಹೋದ ನಮ್ಮದೇ ಕೋಶವನ್ನೂ ಗುರುತಿಸಿ ಕೊಲ್ಲುವುದು ಅವುಗಳ ಕೆಲಸ. ಆ ಬಲ ಅತಿಯಾದರೆ ಮೈಯನ್ನೇ ಹಾಳುಮಾಡುತ್ತದೆ. ಹಾಗಾಗಿ ಎತ್ತಿಗೆ ಮೂಗುದಾರ ಇರುವಂತೆ ಟಿ-ಕೋಶಗಳ ಮೇಲೆ ಅವುಗಳನ್ನು ತಡೆದು ನಿಲ್ಲಿಸುವ ಪ್ರೋಟೀನುಗಳಿವೆ. ಪಿಡಿ-1 ಎಂಬುದು ಅಂಥದೊಂದು ಮೂಗುದಾರ, ಸಿಟಿಎಲ್‌ಎ-4 ಎಂಬುದು ಇನ್ನೊಂದು. ಹಲವು ಕ್ಯಾನ್ಸರ್ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಕೈ ಬೆಳೆಸಿಕೊಂಡು, ಹತ್ತಿರ ಬಂದ ಟಿ-ಕೋಶದ ಮೂಗುದಾರವನ್ನು ಹಿಡಿದು ಜಗ್ಗುತ್ತವೆ. ಎತ್ತು ನಿಂತುಬಿಡುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮೊದಲಾದ ಔಷಧಗಳು ಆ ಹಿಡಿತವನ್ನು ತಪ್ಪಿಸುತ್ತವೆ. ಕ್ಯಾನ್ಸರ್ ಕೋಶವನ್ನು ಅವು ತಾವೇ ಕೊಲ್ಲುವುದಿಲ್ಲ. ಕೊಲ್ಲುವ ಕೆಲಸ ರೋಗಿಯ ಸ್ವಂತ ಟಿ-ಕೋಶಗಳದ್ದು.

ಮೂಗುದಾರ ಬಿಡಿಸಿಕೊಂಡ ಎತ್ತು ಕಳೆ ಇರುವ ಹೊಲಕ್ಕೇ ಹೋಗುತ್ತದೆ ಎಂದು ಯಾರೂ ಹೇಳಲಾರರು. ಅದು ಕರುಳಿಗೆ ನುಗ್ಗಿದರೆ ದಿನಕ್ಕೆ ಹತ್ತು ಬಾರಿ ಭೇದಿ, ಶ್ವಾಸಕೋಶಕ್ಕೆ ನುಗ್ಗಿದರೆ ಒಣ ಕೆಮ್ಮು ಮತ್ತು ಏದುಸಿರು. ಥೈರಾಯ್ಡ್, ಲಿವರ್, ಚರ್ಮ, ಅಪರೂಪಕ್ಕೆ ಹೃದಯವೂ ಅದರ ದಾರಿಗೆ ಬರಬಹುದು. ಇದು ಇಂಜೆಕ್ಷನ್ ಕೊಟ್ಟ ದಿನ ಕಾಣಿಸದೆ ವಾರಗಳ, ತಿಂಗಳುಗಳ ನಂತರ, ಕೆಲವೊಮ್ಮೆ ಔಷಧ ನಿಲ್ಲಿಸಿದ ಮೇಲೂ ಶುರುವಾಗುವುದುಂಟು. ಬೇಗ ಗುರುತಿಸಿ ಸ್ಟೆರಾಯ್ಡ್ ಕೊಟ್ಟರೆ ಬಹಳಷ್ಟು ಸಂದರ್ಭಗಳಲ್ಲಿ ಹತೋಟಿಗೆ ಬರುತ್ತದೆ. ತಡವಾದರೆ ಪ್ರಾಣಕ್ಕೆ ಕುತ್ತು. ನಮ್ಮ ಕಡೆಯ ಹಳ್ಳಿಯಲ್ಲಿ ಭೇದಿಯಾದರೆ ನೀರು ಬದಲಾಗಿದ್ದಕ್ಕೆ ಆಯಿತು ಎಂದು ಅಂಗಡಿಯ ಮಾತ್ರೆ ನುಂಗಿ ಮಲಗುವುದು ವಾಡಿಕೆ. ಆದ್ದರಿಂದ ‘ಪ್ರತಿಕೂಲ ಘಟನೆಗಳನ್ನು ತಕ್ಷಣ ವರದಿ ಮಾಡತಕ್ಕದ್ದು’ ಎಂಬ ಸಾಲಿನ ಜಾಗದಲ್ಲಿ, ‘ಭೇದಿ, ಕೆಮ್ಮು, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದು ಶುರುವಾದರೂ, ರಾತ್ರಿಯಾಗಿದ್ದರೂ, ಈ ನಂಬರಿಗೆ ಫೋನ್ ಮಾಡಿ, ಊರಿನಲ್ಲಿ ಮಾತ್ರೆ ತೆಗೆದುಕೊಂಡು ಕಾಯಬೇಡಿ’ ಎಂದು ಬರೆಯಿಸಿದೆವು. ಆ ನಂಬರಿಗೆ ರಾತ್ರಿ ಫೋನ್ ಮಾಡಿದರೆ ಯಾರಾದರೂ ಎತ್ತುತ್ತಾರೆಯೇ ಎಂದು ಸಮಿತಿಯ ವಕೀಲರು ಮೂರು ದಿನ ಪರೀಕ್ಷಿಸಿಯೂ ನೋಡಿದರು.

ಎತ್ತನ್ನು ಬಿಡಿಸುವುದರ ಜೊತೆಗೆ ಚಾಟಿ ಬೀಸಿ ಓಡಿಸುವ ಔಷಧಗಳೂ ಇವೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಅಂಥ ಔಷಧವನ್ನು ಮೊದಲ ಬಾರಿಗೆ 6 ಮಂದಿ ಆರೋಗ್ಯವಂತ ಯುವಕರಿಗೆ, ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕೊಟ್ಟರು. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ ಅದು. ಆದರೂ ಕೆಲವೇ ಗಂಟೆಗಳಲ್ಲಿ ಆರೂ ಜನರ ಅಂಗಾಂಗಗಳು ಸೋಲತೊಡಗಿದವು. ಎಲ್ಲರೂ ಬದುಕಿದರು, ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಮೊದಲನೆಯವರಿಗೂ ಎರಡನೆಯವರಿಗೂ ನಡುವೆ ಒಂದು ದಿನದ ಅಂತರ ಇದ್ದಿದ್ದರೆ ಐವರಿಗೆ ಆ ಗತಿ ಬರುತ್ತಿರಲಿಲ್ಲ. ಇಂದು ಹೊಸ ಇಮ್ಯುನೊಥೆರಪಿ ಔಷಧದ ಮೊದಲ ಹಂತದ ಪ್ರಯೋಗ ನಮ್ಮ ಮುಂದೆ ಬಂದರೆ ‘ಮೊದಲ ರೋಗಿ ಮತ್ತು ಎರಡನೆಯ ರೋಗಿಯ ನಡುವೆ ಎಷ್ಟು ದಿನ?’ ಎಂದು ಕೇಳುತ್ತೇವೆ. ಆ ಪ್ರಶ್ನೆಯ ಹಿಂದೆ ಆ ಆರು ಜನರಿದ್ದಾರೆ.

ದೇಹದ ಈ ಬಲವನ್ನು ಕ್ಯಾನ್ಸರಿನ ಮೇಲೆ ತಿರುಗಿಸುವ ಆಸೆ ಹಳೆಯದು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲೇ ಗಡ್ಡೆಗೆ ಬ್ಯಾಕ್ಟೀರಿಯ ಚುಚ್ಚಿ, ಜ್ವರ ಬರಿಸಿ, ಕೆಲವರಲ್ಲಿ ಗಡ್ಡೆ ಕರಗಿದ್ದನ್ನು ಕಂಡಿದ್ದರು. ಯಾರಲ್ಲಿ ಕರಗುತ್ತದೆ, ಯಾಕೆ ಕರಗುತ್ತದೆ ಎಂಬುದು ಅವರಿಗೆ ತಿಳಿಯಲಿಲ್ಲ. ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1 ಅನ್ನು ಪತ್ತೆಹಚ್ಚಿತು. ಅಮೆರಿಕದಲ್ಲಿ ಜೇಮ್ಸ್ ಆಲಿಸನ್ ಅವರ ತಂಡ ಸಿಟಿಎಲ್‌ಎ-4ರ ಹಿಡಿತ ತಪ್ಪಿಸಿದರೆ ಇಲಿಗಳ ಗಡ್ಡೆ ಕರಗುತ್ತದೆಂದು 1996ರಲ್ಲಿ ತೋರಿಸಿತು. ಇಬ್ಬರಿಗೂ 2018ರ ನೊಬೆಲ್ ಬಂತು. ಇಲಿಯಿಂದ ನೊಬೆಲ್‌ವರೆಗಿನ ಆ 22 ವರ್ಷಗಳಲ್ಲಿ ನಡೆದದ್ದು ಮನುಷ್ಯರ ಮೇಲಿನ ಪ್ರಯೋಗಗಳು, ಮತ್ತು ಅವು ಒಮ್ಮೆ ಇನ್ನೇನು ಮುಗಿದುಹೋಯಿತು ಎನ್ನುವ ಸ್ಥಿತಿಗೂ ಬಂದಿದ್ದವು.

ಸಿಟಿಎಲ್‌ಎ-4ರ ವಿರುದ್ಧ ಕೆಲಸ ಮಾಡುವ ಎರಡು ಔಷಧಗಳನ್ನು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಪರೀಕ್ಷಿಸಲಾಗುತ್ತಿತ್ತು. ಟ್ರೆಮೆಲಿಮುಮ್ಯಾಬ್ ಎಂಬ ಒಂದರ ದೊಡ್ಡ ಪ್ರಯೋಗವನ್ನು, ಕೀಮೋಗಿಂತ ಹೆಚ್ಚು ಆಯುಷ್ಯ ಕೊಡುತ್ತಿಲ್ಲವೆಂದು 2008ರಲ್ಲಿ ನಡುವೆಯೇ ನಿಲ್ಲಿಸಿದರು. ಇಪಿಲಿಮುಮ್ಯಾಬ್ ಎಂಬ ಇನ್ನೊಂದರ ಪ್ರಯೋಗದಲ್ಲಿ ಅಳತೆಗೋಲನ್ನೇ ಬದಲಿಸಿದರು. ಎಷ್ಟು ಜನರ ಗಡ್ಡೆ ಕುಗ್ಗಿತು ಎಂದು ಲೆಕ್ಕ ಹಾಕುವ ಬದಲು ಎಷ್ಟು ಕಾಲ ಬದುಕಿದರು ಎಂಬುದನ್ನು ಎಣಿಸುವುದೆಂದು ತೀರ್ಮಾನವಾಯಿತು. ಅದಕ್ಕೆ ಕಾರಣವಿತ್ತು. ಕೀಮೋ ಕೆಲಸ ಮಾಡಿದರೆ ಗಡ್ಡೆ ಕೆಲವು ವಾರಗಳಲ್ಲಿ ಕುಗ್ಗುತ್ತದೆ. ಇಲ್ಲಿ ಹಾಗಿಲ್ಲ, ಟಿ-ಕೋಶಗಳು ಗಡ್ಡೆಯೊಳಗೆ ಗುಂಪುಗೂಡಿದಾಗ ಅದು ಸ್ಕ್ಯಾನಿನಲ್ಲಿ ಮೊದಲು ಊದಿಕೊಂಡಂತೆ ಕಾಣಬಹುದು, ತಿಂಗಳುಗಳ ನಂತರ ಕರಗಬಹುದು. ಹಳೆಯ ಕೋಲಿನಿಂದ ಅಳೆದಿದ್ದರೆ ಅಂಥ ರೋಗಿಗೆ ಔಷಧ ನಾಟಲಿಲ್ಲವೆಂದು ಬರೆದು ಹೊರಗೆ ಕಳಿಸುತ್ತಿದ್ದರು.

2010ರಲ್ಲಿ ಆ ಪ್ರಯೋಗದ ಫಲಿತಾಂಶ ಬಂತು. ಒಟ್ಟು 676 ರೋಗಿಗಳು, ಎಲ್ಲರದೂ ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದ, ಹಿಂದೆ ಒಮ್ಮೆ ಚಿಕಿತ್ಸೆ ಪಡೆದಿದ್ದ ಮೆಲನೋಮ. 403 ಜನರಿಗೆ ಇಪಿಲಿಮುಮ್ಯಾಬ್ ಮತ್ತು ಜಿಪಿ100 ಎಂಬ ಲಸಿಕೆ, 137 ಜನರಿಗೆ ಇಪಿಲಿಮುಮ್ಯಾಬ್ ಮಾತ್ರ, 136 ಜನರಿಗೆ ಲಸಿಕೆ ಮಾತ್ರ. ಔಷಧ ಪಡೆದವರಲ್ಲಿ ಅರ್ಧದಷ್ಟು ಜನ ಸುಮಾರು 10 ತಿಂಗಳಿಗಿಂತ ಹೆಚ್ಚು ಬದುಕಿದರು. ಲಸಿಕೆ ಮಾತ್ರ ಪಡೆದವರಲ್ಲಿ ಆ ಅವಧಿ 6.4 ತಿಂಗಳು. ಪ್ರಯೋಗದಲ್ಲಿ ಕೊಟ್ಟ ಔಷಧ, ಲಸಿಕೆಗಳ ಕಾರಣದಿಂದಲೇ ಸತ್ತವರೆಂದು 14 ಜನರನ್ನು ಆ ವರದಿ ಲೆಕ್ಕಕ್ಕೆ ತೆಗೆದುಕೊಂಡಿದೆ. ಹರಡಿದ ಮೆಲನೋಮದಲ್ಲಿ ಆಯುಷ್ಯ ಹೆಚ್ಚಿದ್ದನ್ನು ದೊಡ್ಡ ಪ್ರಯೋಗವೊಂದು ತೋರಿಸಿದ್ದು ಅದೇ ಮೊದಲು. ಮುಂದೆ 945 ರೋಗಿಗಳ ಇನ್ನೊಂದು ಪ್ರಯೋಗದಲ್ಲಿ ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್ ಎರಡನ್ನೂ ಒಟ್ಟಿಗೆ ಪಡೆದವರಲ್ಲಿ 100ಕ್ಕೆ 43 ಜನ 10 ವರ್ಷಗಳ ನಂತರವೂ ಬದುಕಿದ್ದರು. ಹಾಗೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀವ್ರವಾದ ಅಡ್ಡಪರಿಣಾಮಗಳನ್ನೂ ಅನುಭವಿಸಿದ್ದರು.

ಲಸಿಕೆ ಮಾತ್ರ ಪಡೆದ ಆ 136 ಜನರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವರಿಗೆ ಕೊಡಲು ಆಗ ಇನ್ನಾವ ಸಾಬೀತಾದ ಔಷಧವೂ ಇರಲಿಲ್ಲ, ಇಪಿಲಿಮುಮ್ಯಾಬ್ ಒಳ್ಳೆಯದು ಎಂಬುದೂ ಆಗ ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ಅವರಿಗೆ ಅನ್ಯಾಯವಾಯಿತು ಎಂದು ಹೇಳುವಂತಿಲ್ಲ. ಆದರೂ 10 ತಿಂಗಳು ಎಂಬ ಸಂಖ್ಯೆಗೆ ಅರ್ಥ ಬಂದದ್ದು ಅವರ 6.4 ತಿಂಗಳಿನಿಂದ. ಆಮೇಲೆ ಬದುಕಿದವರೆಲ್ಲರ ಬದುಕಿನಲ್ಲೂ ಅವರ ಪಾಲಿದೆ, ಅವರ ಹೆಸರು ಮಾತ್ರ ಎಲ್ಲೂ ಇಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಹೆಸರು ಎಲ್ಲರಿಗೂ ಗೊತ್ತು: 2015ರಲ್ಲಿ, 90 ದಾಟಿದ ವಯಸ್ಸಿನಲ್ಲಿ, ಮೆಲನೋಮ ಲಿವರ್ ಮತ್ತು ಮಿದುಳಿಗೆ ಹರಡಿದೆ ಎಂದು ಅವರೇ ಹೇಳಿಕೊಂಡರು, ಶಸ್ತ್ರಚಿಕಿತ್ಸೆ, ರೇಡಿಯೇಶನ್ ಮತ್ತು ಪೆಂಬ್ರೊಲಿಜುಮ್ಯಾಬ್ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾನ್ಸರಿನ ಗುರುತು ಕಾಣುತ್ತಿಲ್ಲ ಎಂದರು, 2024ರ ಡಿಸೆಂಬರಿನಲ್ಲಿ 100 ವರ್ಷ ತುಂಬಿಸಿಕೊಂಡು ತೀರಿಹೋದರು. ಆ ಸುದ್ದಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ‘ಇದೇ ಔಷಧ ಅಲ್ಲವೇ?’ ಎಂದು ಕೇಳುವ ಮಗ, ಮಗಳು ಆಸ್ಪತ್ರೆಯ ಮೊಗಸಾಲೆಯಲ್ಲಿ ಸಿಗುತ್ತಲೇ ಇರುತ್ತಾರೆ. ಅವರಿಗೆ ಏನು ಹೇಳಬೇಕೆಂದು ನನಗೆ ಈಗಲೂ ಸರಿಯಾಗಿ ತೋಚುವುದಿಲ್ಲ.

ಪ್ರಯೋಗ ನಡೆಯುವ ಸ್ಥಳಕ್ಕೆ ಹೋಗಿ ನೋಡುವ ಅಧಿಕಾರ ಸಮಿತಿಗಿದೆ. ಹಾಗೆ ಒಮ್ಮೆ, ರೋಗಿಯ ಅನುಮತಿ ಕೇಳಿ, ಒಪ್ಪಿಗೆಯ ಮಾತುಕತೆ ನಡೆಯುವ ಕೋಣೆಯ ಮೂಲೆಯಲ್ಲಿ ಕುಳಿತಿದ್ದೆ. ಆತನಿಗೆ 46 ವರ್ಷ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ತಂಬಾಕು ಸುಣ್ಣ ತಿಕ್ಕಿ ದವಡೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಇಪ್ಪತ್ತನೆಯ ವಯಸ್ಸಿನಿಂದ. ಕೆನ್ನೆಯನ್ನು ಕತ್ತರಿಸಿ ತೆಗೆದ ಜಾಗಕ್ಕೆ ಎದೆಯ ಚರ್ಮ ತಂದು ಹೊಲಿದಿದ್ದರು. ಆ ಕೆನ್ನೆಯ ಮೇಲೆ ಎದೆಯ ಕೂದಲೇ ಬೆಳೆದಿತ್ತು. ತುಟಿಯ ಮೂಲೆಯಿಂದ ಇಳಿಯುವ ಜೊಲ್ಲನ್ನು ಬಿಳಿ ಟವೆಲಿನಿಂದ ಒತ್ತಿಕೊಳ್ಳುತ್ತಾ ಆತ ಆಡುವ ಮಾತು ನಮಗಾರಿಗೂ ತಿಳಿಯುತ್ತಿರಲಿಲ್ಲ, ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಯುವ ವೈದ್ಯರು ಪುಟ ಪುಟವಾಗಿ ಓದಿ ಹೇಳಿ, ತಿಳಿದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದು ಕೇಳಿದರು. ಆತ ಏನೋ ಹೇಳಿದ. ಹೆಂಡತಿ ನಮ್ಮ ಕಡೆ ತಿರುಗಿ, ‘ಚೀಟಿ ನಾನ ಎತ್ತಲೇನು ಅಂತ ಕೇಳಾಕತ್ತಾರ್ರಿ’ ಎಂದರು.

ನಾನು ಬರೆದ ಪದ ಅದು. ಆ ಪದ ಅಷ್ಟು ನೇರವಾಗಿ ಆತನ ಕೈಗೆ ಹೋಗಿ ತಲುಪುತ್ತದೆ ಎಂದು ನಾನು ಎಣಿಸಿರಲಿಲ್ಲ. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನೀವು ಎತ್ತಂಗಿಲ್ರಿ ಅಣ್ಣಾರ, ನಾನೂ ಎತ್ತಂಗಿಲ್ಲ. ನಾ ಎತ್ತಿದ್ರ ನನಗ ಬೇಕಾದವ್ರಿಗೆ, ಗಟ್ಟಿ ಇದ್ದವ್ರಿಗೆ ಹೊಸ ಔಷಧ ಕೊಟ್ಟಬಿಡ್ತೀನಿ. ಆಮ್ಯಾಲ ಅವ್ರು ಔಷಧದಿಂದ ಉಳದ್ರೋ, ಮದಲ ಗಟ್ಟಿ ಇದ್ದದ್ದಕ್ಕ ಉಳದ್ರೋ ಅನ್ನೂದು ಯಾರಿಗೂ ತಿಳಿಯಂಗಿಲ್ಲ.’ ಹೆಂಡತಿ ಕೇಳಿದರು: ‘ಹಂಗಾರ ಇದು ಔಷಧಾ ಏನ್ರಿ, ಪರೀಕ್ಷಾ ಏನ್ರಿ?’ ವೈದ್ಯರು, ‘ಪರೀಕ್ಷಾರಿ ಅಕ್ಕಾರ. ಔಷಧ ಆಗತೈತೋ ಇಲ್ಲೋ ಅಂತ ನೋಡೂ ಪರೀಕ್ಷಾ’ ಎಂದರು.

ಆ ಉತ್ತರಕ್ಕಾಗಿ ಆ ವೈದ್ಯರ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಪ್ರಯೋಗವನ್ನು ತನ್ನ ಒಳಿತಿಗಾಗಿಯೇ ರೂಪಿಸಿದ ಚಿಕಿತ್ಸೆಯೆಂದು ರೋಗಿ ತಿಳಿಯುವ ಈ ತಪ್ಪು ತಿಳಿವಳಿಕೆಯನ್ನು ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲೇ ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಓದಿದವರಲ್ಲೂ ಅದು ಇರುತ್ತದೆ. ನಾಲ್ಕನೇ ಸ್ಟೇಜಿನ ರೋಗಿಗೆ ‘ಪರೀಕ್ಷಾ’ ಎಂದು ಹೇಳುವುದಕ್ಕಿಂತ ‘ಹೊಸ ಔಷಧ’ ಎಂದು ಹೇಳುವುದು ಸುಲಭ, ಹೇಳುವವರಿಗೂ ಕೇಳುವವರಿಗೂ. ಆತ ಎಲ್ಲ ಕೇಳಿಯೂ ಸಹಿ ಮಾಡಿದ. ಪ್ರತಿ ಪುಟದ ಕೆಳಗೂ ಹೆಸರನ್ನು ಇಡಿಯಾಗಿ, ಶಾಲೆಯ ಮಕ್ಕಳ ಹಾಗೆ ಅಕ್ಷರ ಅಕ್ಷರ ಬಿಡಿಸಿ ಬರೆದ. ಹತ್ತು ನಿಮಿಷಕ್ಕಿಂತ ಹೆಚ್ಚೇ ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ.

ಚೀಟಿ ಯಾಕೆ ಬೇಕು ಎಂಬುದಕ್ಕೆ ಎರಡು ಉದಾಹರಣೆಗಳನ್ನು ನಾನು ಯಾವಾಗಲೂ ನೆನೆಯುತ್ತೇನೆ. ಎಪಕ್ಯಾಡೊಸ್ಟ್ಯಾಟ್ ಎಂಬ ಮಾತ್ರೆಯನ್ನು ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟಾಗ, ಹೋಲಿಕೆಯ ಗುಂಪಿಲ್ಲದ ಆರಂಭದ ಪ್ರಯೋಗಗಳಲ್ಲಿ ಫಲಿತಾಂಶ ಬಹಳ ಚೆನ್ನಾಗಿ ಕಂಡಿತ್ತು. 706 ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ನೋಡಿದಾಗ, ಆ ಮಾತ್ರೆಯಿಂದ ಯಾವ ಹೆಚ್ಚಿನ ಪ್ರಯೋಜನವೂ ಇಲ್ಲವೆಂದು 2018ರಲ್ಲಿ ತಿಳಿಯಿತು. ಇನ್ನೊಂದು ಇದಕ್ಕಿಂತ ಕಠಿಣವಾದದ್ದು. ಮಯಲೋಮ ಎಂಬ ರಕ್ತದ ಕ್ಯಾನ್ಸರಿಗೆ ಬಳಸುವ ಔಷಧಗಳ ಜೊತೆ ಪೆಂಬ್ರೊಲಿಜುಮ್ಯಾಬ್ ಸೇರಿಸಿದ ಎರಡು ಪ್ರಯೋಗಗಳಲ್ಲಿ, ಅದನ್ನು ಸೇರಿಸಿದ ಗುಂಪಿನಲ್ಲೇ ಹೆಚ್ಚು ಜನ ಸತ್ತರು. ಒಂದರಲ್ಲಿ 29 ಮತ್ತು 21, ಇನ್ನೊಂದರಲ್ಲಿ 19 ಮತ್ತು 9. 2017ರಲ್ಲಿ ಎರಡನ್ನೂ ನಿಲ್ಲಿಸಲಾಯಿತು. ಹೋಲಿಸಿ ನೋಡುವ ಗುಂಪು ಇಲ್ಲದೆ ಹೋಗಿದ್ದರೆ ಆ ಸಾವುಗಳು ರೋಗದ ಲೆಕ್ಕಕ್ಕೆ ಹೋಗಿ, ಔಷಧ ಮುಂದಿನ ಸಾವಿರಾರು ಜನರ ರಕ್ತನಾಳಕ್ಕೆ ಇಳಿಯುತ್ತಿತ್ತು.

ಇಷ್ಟಾದರೂ ನನ್ನೊಳಗಿನ ಒಂದು ಕಸಿವಿಸಿ ಕಡಿಮೆಯಾಗಿಲ್ಲ. ಬ್ಯಾಡಗಿಯ ಹಮಾಲನ ಮೈ ಉತ್ತರಿಸಲಿರುವ ಪ್ರಶ್ನೆ ಯಾರದ್ದು? ಪೂರ್ಣ ಪ್ರಮಾಣದ ನಿವೊಲುಮ್ಯಾಬ್ ಮರುಕಳಿಸಿದ ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಆಯುಷ್ಯವನ್ನು 5.1 ತಿಂಗಳಿನಿಂದ 7.5 ತಿಂಗಳಿಗೆ ಏರಿಸುತ್ತದೆ ಎಂಬುದು 361 ರೋಗಿಗಳ ಪ್ರಯೋಗದಿಂದ 2016ರಲ್ಲೇ ಗೊತ್ತಾಗಿತ್ತು. ಆದರೆ ಅದರ ಬೆಲೆ ತಿಂಗಳಿಗೆ ಲಕ್ಷಗಳಲ್ಲಿ. ಗೊತ್ತಾದ ಉತ್ತರ ಕೈಗೆ ಎಟುಕದಿದ್ದರೆ, ಉತ್ತರ ಹುಡುಕಲು ಮೈ ಕೊಟ್ಟವರ ಊರಿಗೆ ಅದರಿಂದ ಏನು ಬಂತು?

ಈ ಪ್ರಶ್ನೆಗೆ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಕೊಟ್ಟ ಉತ್ತರವನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ನಿವೊಲುಮ್ಯಾಬಿನ ಮೊದಲ ಹಂತದ ಪ್ರಯೋಗದಲ್ಲೇ ಒಂದು ಸಂಗತಿ ಕಂಡಿತ್ತು: ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ಔಷಧ ಟಿ-ಕೋಶಗಳ ಬಹುಪಾಲು ಪಿಡಿ-1ಗಳ ಮೇಲೆ ಕುಳಿತುಬಿಡುತ್ತದೆ, ಪ್ರಮಾಣ ಹೆಚ್ಚಿಸಿದರೆ ಕುಳಿತುಕೊಳ್ಳಲು ಹೆಚ್ಚಿನ ಜಾಗವೇ ಇರುವುದಿಲ್ಲ. ಕೀಮೋದಲ್ಲಿ ತಡೆದುಕೊಳ್ಳುವಷ್ಟು ಗರಿಷ್ಠ ಪ್ರಮಾಣ ಕೊಡುವುದು ರೂಢಿ. ಮೂಗುದಾರ ಬಿಡಿಸುವ ಔಷಧಕ್ಕೆ ಆ ರೂಢಿ ಯಾಕೆ ಬೇಕು? ಕಡಿಮೆ ಸಾಕೇ ಎಂದು ಕೇಳುವ ಅವಸರ ಔಷಧ ಮಾರುವವರಿಗೆ ಇರುವುದಿಲ್ಲ. ವಿಜಯ್ ಪಾಟೀಲ್, ಕುಮಾರ್ ಪ್ರಭಾಶ್ ಮತ್ತು ಅವರ ಸಂಗಡಿಗರು ಅದನ್ನು ಕೇಳಿದರು. ಈ ಕ್ಯಾನ್ಸರಿಗೆ ಒಪ್ಪಿತವಾದ ಔಷಧಗಳು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 100ಕ್ಕೆ 1ರಿಂದ 3 ರೋಗಿಗಳಿಗೆ ಮಾತ್ರ ಎಟುಕುತ್ತವೆ ಎಂಬ ಮಾತಿನಿಂದಲೇ ಅವರ ವರದಿ ಶುರುವಾಗುತ್ತದೆ.

ಮುಂದುವರಿದ ಹಂತದ ಬಾಯಿ, ಗಂಟಲಿನ ಕ್ಯಾನ್ಸರಿನ 151 ರೋಗಿಗಳು. ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಎಂಬ, ಬಾಯಿಯಿಂದ ನುಂಗುವ ಮೂರು ಮಾತ್ರೆಗಳು ಎಲ್ಲರಿಗೂ. ಚೀಟಿಯಲ್ಲಿ ಬಂದ 76 ಜನರಿಗೆ ಅವುಗಳ ಜೊತೆಗೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಪೂರ್ಣ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ವಾರದ ಲೆಕ್ಕದಲ್ಲಿ ಇದು ಅದರ 18ರಲ್ಲಿ ಒಂದು ಪಾಲು. ವರ್ಷದ ಕೊನೆಗೆ ಮಾತ್ರೆಗಳನ್ನಷ್ಟೇ ಪಡೆದವರಲ್ಲಿ 100ಕ್ಕೆ 16.3ರಷ್ಟು ಜನ ಬದುಕಿದ್ದರು, ನಿವೊಲುಮ್ಯಾಬನ್ನೂ ಪಡೆದವರಲ್ಲಿ 43.4ರಷ್ಟು. ಸರಾಸರಿ ಎನ್ನಬಹುದಾದ ಆಯುಷ್ಯ 6.7 ತಿಂಗಳಿನಿಂದ 10.1 ತಿಂಗಳಿಗೆ ಏರಿತು. ತೀವ್ರ ಅಡ್ಡಪರಿಣಾಮಗಳು ಹೆಚ್ಚಲಿಲ್ಲ. 100 ಮಿಲಿಗ್ರಾಂ ಸೀಸೆಯಲ್ಲಿ 5 ಜನರ ಪಾಲಿದೆ. ತೆರೆದ ಸೀಸೆಯನ್ನು ಬಹಳ ಹೊತ್ತು ಇಡುವಂತಿಲ್ಲವಾದ್ದರಿಂದ ಐವರೂ ಒಂದೇ ದಿನ ಬಂದು ಪಂಕ್ತಿಯಲ್ಲಿ ಕುಳಿತವರ ಹಾಗೆ ಒಂದೇ ಸೀಸೆಯಿಂದ ಹಂಚಿಕೊಳ್ಳಬೇಕು. ಇದನ್ನು ನನಗೆ ಹೇಳಿದ ಫಾರ್ಮಸಿಸ್ಟ್ ಹೆಣ್ಣುಮಗಳು ಹಳೆಯ ಡೈರಿಯೊಂದರಲ್ಲಿ ಐದೈದು ಹೆಸರುಗಳ ಸಾಲು ಬರೆದಿಟ್ಟಿದ್ದಳು.

ಆ ಪ್ರಯೋಗ ಹೇಳದ್ದನ್ನು ಅದರ ಬಾಯಲ್ಲಿ ಹೇಳಿಸಬಾರದು. ಕಡಿಮೆ ಪ್ರಮಾಣವನ್ನು ಅಲ್ಲಿ ಪೂರ್ಣ ಪ್ರಮಾಣದೊಂದಿಗೆ ಹೋಲಿಸಿರಲಿಲ್ಲ, ನಿವೊಲುಮ್ಯಾಬ್ ಇಲ್ಲದ್ದರೊಂದಿಗೆ ಹೋಲಿಸಿದ್ದರು. ಹಾಗಾಗಿ ಎರಡೂ ಒಂದೇ ಎನ್ನಲು ಬರುವುದಿಲ್ಲ. ಒಂದೇ ಆಸ್ಪತ್ರೆಯ 151 ಜನರ ಮೇಲೆ ಎಲ್ಲ ಭಾರ ಹೊರಿಸಲೂ ಬಾರದು. ಏನೂ ಸಿಗದವರಿಗೆ ಇದು ಸಿಕ್ಕರೆ ಒಳಿತೇ ಎಂಬ ಪ್ರಶ್ನೆಯನ್ನು ಮಾತ್ರ ಅವರು ಕೇಳಿದ್ದರು, ಅದಕ್ಕೆ ಉತ್ತರ ಸಿಕ್ಕಿತು. ಅದು ನಮ್ಮ ಹೊರರೋಗಿ ವಿಭಾಗದ ಬೆಂಚಿನ ಮೇಲಿಂದ ಎದ್ದು ಬಂದ ಪ್ರಶ್ನೆ. ರೋಗಿಯ ಟಿ-ಕೋಶಗಳನ್ನೇ ಹೊರತೆಗೆದು ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಯಲ್ಲೂ ಇಂಥದೇ ಕೆಲಸ ನಡೆದಿದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಅನ್ನು ಇಲ್ಲಿನ ರೋಗಿಗಳಲ್ಲೇ ಪರೀಕ್ಷಿಸಿ 2023ರ ಅಕ್ಟೋಬರಿನಲ್ಲಿ ಅನುಮತಿ ಪಡೆದರು, ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ ಅದೇ ದಾರಿ ಹಿಡಿಯಿತು. ಈ ಚಿಕಿತ್ಸೆಯ ಬೆಲೆ ಹೊರದೇಶಕ್ಕಿಂತ ಬಹಳ ಕಡಿಮೆಯಾದರೂ ಲಕ್ಷಗಳಲ್ಲೇ ಇದೆ. ಒಂದೇ ಸೀಸೆಯ 20 ಮಿಲಿಗ್ರಾಂ ಪಾಲಿನಷ್ಟು ಅದು ನನ್ನನ್ನು ತಟ್ಟದಿರುವುದಕ್ಕೆ ಬಹುಶಃ ಅದೇ ಕಾರಣ.

ಸಹಿಯಾದ ದಿನ ಮೊಗಸಾಲೆಯಲ್ಲಿ ಬ್ಯಾಡಗಿಯ ಆತನ ಹೆಂಡತಿ ನನ್ನನ್ನು ನಿಲ್ಲಿಸಿಕೊಂಡರು. ಗಂಡ ಮೆಟ್ಟಿಲ ಬಳಿ ಕುಳಿತಿದ್ದರು. ‘ಅಕ್ಕಾರ, ಔಷಧ ಹತ್ತತು ಅಂತ ತಿಳೀರಿ. ಪರೀಕ್ಷಾ ಮುಗದ ಮ್ಯಾಲ ಕೊಡೂದು ನಿಲ್ಲಸ್ತಾರೇನ್ರಿ?’ ಒಪ್ಪಿಗೆ ಪತ್ರದಲ್ಲಿ ಅದಕ್ಕೆ ‘ಅಧ್ಯಯನದ ಮುಕ್ತಾಯದ ನಂತರ ಅಧ್ಯಯನ ಔಷಧ ಲಭ್ಯವಿಲ್ಲದಿರಬಹುದು’ ಎಂಬ ಒಂದು ಸಾಲು ಮಾತ್ರ ಇತ್ತು. ನಾನೇ ತಿದ್ದಿ ಕಳಿಸಿದ ಪ್ರತಿ ಅದು. ಯಾದೃಚ್ಛಿಕದ ಮೇಲೆ ಒಂದು ಮಧ್ಯಾಹ್ನ ಕಳೆದವಳು ಈ ಸಾಲಿನ ಮೇಲೆ ಒಂದು ನಿಮಿಷವೂ ನಿಂತಿರಲಿಲ್ಲ.

2019ರ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ರೋಗಿಗೆ ಔಷಧದಿಂದ ಒಳಿತಾಗುತ್ತಿದೆ ಎಂದು ಪ್ರಯೋಗ ನಡೆಸುವ ವೈದ್ಯರು ಶಿಫಾರಸು ಮಾಡಿದರೆ, ಆ ರೋಗಕ್ಕೆ ಬೇರೆ ಚಿಕಿತ್ಸೆ ಇಲ್ಲದಿದ್ದರೆ, ಎಥಿಕ್ಸ್ ಕಮಿಟಿ ಒಪ್ಪಿದರೆ, ಪ್ರಯೋಗ ಮುಗಿದ ಮೇಲೂ ಔಷಧವನ್ನು ಉಚಿತವಾಗಿ ಮುಂದುವರಿಸಬಹುದು. ಮುಂದಿನ ಸಭೆಯಲ್ಲಿ ಆ ಸಾಲನ್ನು ಎತ್ತಿದೆ. ಕಂಪನಿಯಿಂದ ಮೊದಲು ಬಂದ ಉತ್ತರದಲ್ಲಿ ಏನೂ ಇರಲಿಲ್ಲ, ಎರಡನೆಯ ಉತ್ತರದಲ್ಲಿ ಆರು ತಿಂಗಳು ಎಂದಿತ್ತು. ಮೂರನೆಯ ಪತ್ರದ ಹೊತ್ತಿಗೆ, ಒಳಿತಾಗುತ್ತಿರುವವರೆಗೆ ಉಚಿತವಾಗಿ ಕೊಡುತ್ತೇವೆ ಎಂದು ಬರೆದುಕೊಟ್ಟರು. ತಿದ್ದಿದ ಪತ್ರಕ್ಕೆ ಎಲ್ಲ ರೋಗಿಗಳಿಂದ ಮತ್ತೊಮ್ಮೆ ಸಹಿ ಪಡೆಯಬೇಕಾಯಿತು.

ಬ್ಯಾಡಗಿಯ ಆತನ ಚೀಟಿಯಲ್ಲಿ ಏನು ಬಂತೆಂದು ನನಗೆ ಗೊತ್ತಿಲ್ಲ. ಸಮಿತಿಗೆ ಬರುವ ವರದಿಗಳಲ್ಲಿ ಹೆಸರಿರುವುದಿಲ್ಲ. ಒಂದು ಸಂಖ್ಯೆ, ವಯಸ್ಸು, ಗಂಡು ಅಥವಾ ಹೆಣ್ಣು, ಆದದ್ದೇನು, ಅಷ್ಟೇ. ಸಾವಾದರೆ 24 ಗಂಟೆಯೊಳಗೆ ನಮಗೆ ತಿಳಿಸಬೇಕು. ಹಾಗೆ ಬಂದ ಒಂದು ವರದಿಯಲ್ಲಿ ವಯಸ್ಸು 46 ಎಂದಿತ್ತು. ಕಾರಣದ ಜಾಗದಲ್ಲಿ ‘ರೋಗದ ಮುಂದುವರಿಕೆ’ ಎಂದಿತ್ತು. ಆ ಪ್ರಯೋಗದಲ್ಲಿ ಆ ವಯಸ್ಸಿನವರು ಇನ್ನೂ ಎಷ್ಟು ಜನ ಇದ್ದರೋ. ಅದನ್ನು ಕೇಳಿ ತಿಳಿದುಕೊಳ್ಳುವುದು ನನ್ನ ಕೆಲಸವಲ್ಲವೆಂದು ಗೊತ್ತಿದ್ದೂ ಆ ಹಾಳೆಯನ್ನು ಎರಡು ಬಾರಿ ಓದಿದೆ.

ಈ ವಾರ ಇನ್ನೊಂದು ಫೈಲು ಬಂದಿದೆ. ಬೇರೆ ಕಂಪನಿ, ಬೇರೆ ಔಷಧ, ಶ್ವಾಸಕೋಶದ ಕ್ಯಾನ್ಸರ್; ಕನ್ನಡದ ಪ್ರತಿ 24 ಪುಟ. 9ನೇ ಪುಟದಲ್ಲಿ ಯಾದೃಚ್ಛಿಕ ಮತ್ತೆ ಕಾಣಿಸಿಕೊಂಡಿದೆ, ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದೇನೆ. 21ನೇ ಪುಟದಲ್ಲಿ ‘ಅಧ್ಯಯನದ ನಂತರ’ ಎಂಬ ಶೀರ್ಷಿಕೆಯ ಕೆಳಗೆ ಎರಡೇ ಸಾಲುಗಳಿವೆ. ಅವುಗಳ ಪಕ್ಕದಲ್ಲಿ ಆ ಹೆಣ್ಣುಮಗಳ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದಿಟ್ಟಿದ್ದೇನೆ. ಸಭೆ ಶನಿವಾರ ಬೆಳಿಗ್ಗೆ 11ಕ್ಕೆ.